ಅಧ್ಯಕ್ಷರು ಹಾಜರಿದ್ದಾರೇನ್ರೀ?

ನಮ್ಮ ಸರ್ ಅವರ ಎಡಗಣ್ಣಿನ ಹುಬ್ಬು ಬೆಳ್ಳಗಿತ್ತು, ಬಲಗಣ್ಣಿನದು ಕಾಡಿಗೆಯಷ್ಟು ಕಪ್ಪು. ವಯಸ್ಸಿನ ಬಿಳುಪಲ್ಲ, ನಾನು ಅವರನ್ನು ಮೊದಲು ಕಂಡಾಗ ಅವರಿಗೆ ನಲವತ್ತು ದಾಟಿರಲಿಲ್ಲ. ತೊನ್ನು ಅಲ್ಲಿ ಅಷ್ಟೇ ಅಗಲ ಕೂತು, ಮುಂದೆ ಹರಡದೆ ನಿಂತುಬಿಟ್ಟಿತ್ತು. ತರಗತಿಯಲ್ಲಿ ಯಾರಾದರೂ ಸುಳ್ಳು ಹೇಳಿದರೆ ಆ ಬಿಳಿ ಹುಬ್ಬು ಮಾತ್ರ ಮೇಲೇಳುತ್ತಿತ್ತು. ಹಿಂದಿನ ಬೆಂಚಿನ ಹುಡುಗರು ಅದಕ್ಕೆ ಜಡ್ಜ್ ಸಾಹೇಬ ಎಂದೂ, ಕರಿ ಹುಬ್ಬಿಗೆ ಫೌಜದಾರ ಎಂದೂ ಹೆಸರಿಟ್ಟಿದ್ದರು. ಜಡ್ಜ್ ಸಾಹೇಬರು ಎದ್ದರೆಂದರೆ ಎಲ್ಲರೂ ಬಾಯಿ ಮುಚ್ಚಿಕೊಂಡು ಪುಸ್ತಕ ತೆರೆಯುತ್ತಿದ್ದರು.

ಅವರು ರಾಜ್ಯಶಾಸ್ತ್ರ ಕಲಿಸುತ್ತಿದ್ದರು. ಅಥಣಿ ಕಡೆಯ ಜೈನರು. ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಮನೆತನ. ಕಾಲೇಜು ಯಾವುದು, ಯಾವ ಊರಿನದು ಎಂದು ಬರೆಯುವುದಿಲ್ಲ. ಪ್ರಕರಣ ಇನ್ನೂ ಕೋರ್ಟಿನಲ್ಲಿದೆ.

ನಾನು ಕಬ್ಬೂರಿನವಳು. ನಮ್ಮದು ಕುರಿ ಕಾಯುವ ಮನೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆ ಬಿ.ಎ.ಗೆ ನಾನು ಏನು ಕೊಟ್ಟೆ, ನನ್ನ ಸಲುವಾಗಿ ಇನ್ನೊಬ್ಬರು ಏನು ಕೊಟ್ಟರು ಎಂಬುದು ನನಗೆ ಗೊತ್ತು. ಕಾಲೇಜಿಗೆ ಹೋದ ಮೊದಲ ವಾರ ತರಗತಿಯ ಬಾಗಿಲಲ್ಲಿ ಒಳಗೆ ಬರಲೋ ಬೇಡವೋ ಎಂದು ನಿಂತಿದ್ದೆ. ಸರ್ ಹಾಜರಿ ಕರೆಯುತ್ತಿದ್ದವರು ತಲೆ ಎತ್ತಿ, "ಬರ್ರಿ, ಒಳಗ ಬಂದು ಕೂಡ್ರಿ" ಅಂದರು. ನನ್ನ ಹಿಂದೆ ಯಾರೋ ದೊಡ್ಡವರು ಬಂದಿರಬೇಕೆಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಹುಟ್ಟಿದಾಗಿನಿಂದ 'ಬಾರಬೇ', 'ಹೋಗಬೇ' ಕೇಳಿದ ಕಿವಿಗೆ ಆ 'ರೀ' ಹೊಂದಲೇ ಇಲ್ಲ.

ಅವರು ಎಲ್ಲರಿಗೂ ಹಾಗೇ. ನೀರು ಕೊಡುವ ಮುದುಕನಿಗೂ 'ರೀ', ಪ್ರಾಂಶುಪಾಲರಿಗೂ 'ರೀ'. ಒಮ್ಮೆ ಪಾಠದ ನಡುವೆ ಯಾರದೋ ಆಡು ಒಳಗೆ ಬಂದಾಗ, ಓದುತ್ತಿದ್ದ ಪುಸ್ತಕದಿಂದ ಕಣ್ಣೆತ್ತದೆ, "ಹೊರಗ ನಡೀರಿ" ಅಂದಿದ್ದರು. ಹುಡುಗರು ಅದನ್ನು ವರ್ಷವಿಡೀ ಆಡಿಕೊಂಡರು. ಯಾಕೆ ಸರ್ ಹೀಗೆ ಎಂದು ಕೇಳಿದರೆ ಒಂದೇ ಮಾತು ಹೇಳುತ್ತಿದ್ದರು: "ಕಾಯ್ದೆಕ್ಕ ಎಲ್ಲಾರೂ 'ರೀ'ನ. ಕಾಯ್ದೆಕ್ಕ 'ಲೇ' ಅನ್ನೂದು ಗೊತ್ತಿಲ್ಲ."

ಈ ಮಾತಿಗೆ ಒಂದು ಕಾರಣವಿತ್ತು. ಪ್ರತಿ ವರ್ಷ ಅವರು ಅಂತಿಮ ವರ್ಷದವರನ್ನು ತಾಲೂಕು ಕೋರ್ಟಿಗೆ ಕರೆದೊಯ್ಯುತ್ತಿದ್ದರು. ಒಳಗಿನ ವಾದ ನಮಗೆ ತಿಳಿಯುತ್ತಿರಲಿಲ್ಲ. ಸರ್ ನಮ್ಮನ್ನು ಹೊರಗೆ ಬೇವಿನ ಮರದ ಕೆಳಗೆ ನಿಲ್ಲಿಸಿ, ಪಟ್ಟೇವಾಲಾ, ಅಂದರೆ ಕೋರ್ಟಿನ ಜವಾನ, ಜನರನ್ನು ಹೇಗೆ ಕರೆಯುತ್ತಾನೆ ಕೇಳಿರಿ ಅನ್ನುತ್ತಿದ್ದರು. ಕೂಲಿಯವನ ಸರದಿ ಬಂದರೆ ಬರಿ ಹೆಸರು, ಅದರ ಹಿಂದೆ 'ಬಾರೋ'. ಗುತ್ತಿಗೆದಾರನ ಸರದಿ ಬಂದರೆ ಅದೇ ಬಾಯಿಯಿಂದ 'ಸಾವಕಾರ್ರು ಬರಬೇಕ್ರಿ'. ಊರಿಗೆ ಮರಳುವ ದಾರಿಯಲ್ಲಿ ಸರ್, ನ್ಯಾಯ ಒಳಗೆ ಆಮೇಲೆ ಆಗುತ್ತದೆ, ಹೊರಗೆ ಹೆಸರು ಕರೆಯುವಾಗಲೇ ಅರ್ಧ ಆಗಿ ಹೋಗಿರುತ್ತದೆ ಎಂದು ಹೇಳುತ್ತಿದ್ದರು.

ಅವರಿಗೆ ತೀರ ಇಷ್ಟದ ಪಾಠವೆಂದರೆ ದೇಶದೇಶಗಳ ನಡುವಿನ ಕಾಯ್ದೆ. ದೊಡ್ಡ ಯುದ್ಧ ಮುಗಿದ ಮೇಲೆ ಸೋತ ದೇಶದ ಮಂತ್ರಿಗಳನ್ನೂ ಸೇನಾಪತಿಗಳನ್ನೂ ಕಟಕಟೆಯಲ್ಲಿ ಕೂಡಿಸಿ, ನೀವು ಹೀಗೆ ಮಾಡಿದ್ದೀರಿ, ಏನು ಹೇಳುತ್ತೀರಿ ಎಂದು ಕೇಳಿದ ಕತೆ. ಕಬ್ಬು, ತಂಬಾಕು, ಕುರಿ ಬಿಟ್ಟು ಬೇರೆ ಕಾಣದ ನಮಗೆ ಅದು ಪುರಾಣದ ಹಾಗೆ ಕೇಳಿಸುತ್ತಿತ್ತು. ಒಬ್ಬ ಹುಡುಗ, ಬೇರೆ ದೇಶದ ರಾಜನಿಗೆ ಸಮನ್ಸು ಒಯ್ಯುವವರು ಯಾರು, ಅಲ್ಲಿಗೆ ಬಸ್ಸೇ ಇಲ್ಲವಲ್ಲ ಎಂದು ಕೇಳಿದ್ದ. ಇನ್ನೊಬ್ಬ, ಬಸ್ಸಿದ್ದರೂ ಬಾಗಿಲಲ್ಲಿ ನಾಯಿ ಬಿಡುತ್ತಾರೆ ಅಂದ. ಸರ್ ನಕ್ಕರು. ಆಮೇಲೆ ನಗು ನಿಲ್ಲಿಸಿ ಅಂದರು:

"ಸೋತವರನ್ನ ಕರದ್ರು. ಚಲೋ ಆತು. ಗೆದ್ದವರನ್ನ ಯಾರ್ ಕರೀಬೇಕು, ಹೇಳ್ರಿ ನೋಡೂಣು."



ಆ ಪ್ರಶ್ನೆಗೆ ಅವರು ಮಾಡಿದ್ದ ಉತ್ತರ ಒಂದು ಸಣ್ಣ ನಾಟಕ. ವಾರ್ಷಿಕ ಸಮಾರಂಭಕ್ಕೆ ನಾವು ಗ್ಯಾದರಿಂಗ್ ಅನ್ನುತ್ತಿದ್ದೆವು. ಪ್ರತಿ ಗ್ಯಾದರಿಂಗಿನಲ್ಲಿ ಆ ನಾಟಕ ಇರುತ್ತಿತ್ತು. ಲೋಕಕ್ಕೆಲ್ಲ ಒಂದು ಕೋರ್ಟು ಇದೆ ಎಂದು ಕಲ್ಪನೆ. ಹೆಸರಿಲ್ಲದ ಒಂದು ದೇಶದ ಅಧ್ಯಕ್ಷ, ನೀರು ಕೇಳಲು ಬಂದ ರೈತರ ಮೇಲೆ ಗುಂಡು ಹಾರಿಸಿದ್ದಾನೆ. ಪಟ್ಟೇವಾಲಾ ಮೂರು ಸಲ ಕರೆಯುತ್ತಾನೆ. ಅಧ್ಯಕ್ಷ ಬರುವುದಿಲ್ಲ. ಕಟಕಟೆ ಖಾಲಿ. ಸರಕಾರಿ ವಕೀಲ ಖಾಲಿ ಕಟಕಟೆಗೇ ಪ್ರಶ್ನೆ ಕೇಳುತ್ತಾನೆ, ನ್ಯಾಯಾಧೀಶ ಖಾಲಿ ಕಟಕಟೆಗೇ ತೀರ್ಪು ಓದುತ್ತಾನೆ. ನಾನು ಮೊದಲ ವರ್ಷದಲ್ಲಿ ಕೆಳಗೆ ಕೂತು ಅದನ್ನು ನೋಡಿದ್ದೆ. ಯಾರೂ ಇಲ್ಲದ ಆ ಬಿದಿರಿನ ಕಟಕಟೆಯಿಂದ ಕಣ್ಣು ತೆಗೆಯಲು ಆಗಿರಲಿಲ್ಲ.

ಅಂತಿಮ ವರ್ಷದಲ್ಲಿ ಪಟ್ಟೇವಾಲಾನ ಪಾತ್ರ ನನಗೆ ಬಂತು. ಹುಡುಗಿ ಹೇಗೆ ಪಟ್ಟೇವಾಲಾ ಆಗುತ್ತಾಳೆ ಎಂದು ಹುಡುಗರು ತಕರಾರು ತೆಗೆದರು. ಸರ್, ನಿಮ್ಮಲ್ಲಿ ಯಾರಾದರೂ ಒಂದು ಕೂಗಿಗೆ ಎರಡು ಹೊಲದಾಚೆಯ ಕುರಿಯನ್ನು ತಿರುಗಿಸಿದ್ದೀರಾ ಎಂದು ಕೇಳಿ ಮಾತು ಮುಗಿಸಿದರು. ಕೂಗುವ ಮಾತನ್ನು ಅವರೇ ಹೇಳಿಕೊಟ್ಟರು. ತಾಲೂಕು ಕೋರ್ಟಿನ ಹಾಗೆ 'ಅಧ್ಯಕ್ಷ ಹಾಜರಿದ್ದಾನೋ' ಎಂದು ಕರೆಯಲು ನಾನು ಹೊರಟಾಗ ತಡೆದರು. ಇದು ನಮ್ಮ ಕೋರ್ಟು, ಇಲ್ಲಿ ಆರೋಪಿಗೂ 'ರೀ' ಅಂದರು. ಹಾಗಾಗಿ ನಾನು ಕಲಿತದ್ದು: "ಅಧ್ಯಕ್ಷರು ಹಾಜರಿದ್ದಾರೇನ್ರೀ?"

ಇಲ್ಲಿ ನಮ್ಮ ಅಧ್ಯಕ್ಷರ ವಿಷಯ ಹೇಳಬೇಕು. ಕಾಲೇಜು ನಡೆಸುವ ಸಂಸ್ಥೆಗೆ ಅವರು ಅಧ್ಯಕ್ಷರು. ಸಹಕಾರ ಸಂಘಕ್ಕೆ ಅವರು ಅಧ್ಯಕ್ಷರು, ಎತ್ತು-ಕುರಿ ಮಾರುವ ಪೇಟೆಗೆ ಅವರು ಅಧ್ಯಕ್ಷರು, ಮದುವೆ ಮಂಟಪಕ್ಕೂ ಅವರೇ. ಸುತ್ತ ಹತ್ತಾರು ಹಳ್ಳಿಗಳಲ್ಲಿ ಅವರಿಗೆ ಬೇರೆ ಹೆಸರೇ ಇರಲಿಲ್ಲ. ಅಧ್ಯಕ್ಷರು ಅಂದರೆ ಅವರು.

ಹಿಂದಿನ ವರ್ಷದ ಕಬ್ಬಿನ ಹಂಗಾಮಿನಲ್ಲಿ ಪಾಲಬಾವಿ ಹತ್ತಿರದ ರಸ್ತೆಯಲ್ಲಿ ಒಂದು ಜೀಪು ಕಬ್ಬಿನ ಗಾಡಿಯ ಪಕ್ಕ ನಡೆಯುತ್ತಿದ್ದವನಿಗೆ ಬಡಿದಿತ್ತು. ಅವನು ಅಲ್ಲೇ ಸತ್ತ. ಹಿಂದೆ ಬರುತ್ತಿದ್ದ ಬಸ್ಸಿನ ಮುಂದಿನ ಸೀಟಿನಲ್ಲಿ ನಮ್ಮ ಸರ್ ಇದ್ದರು. ಜೀಪು ಹೊಡೆಯುತ್ತಿದ್ದವರು ಕೆಳಗಿಳಿದು, ಬಿದ್ದವನನ್ನು ಬಗ್ಗಿ ನೋಡಿ, ಮತ್ತೆ ಹತ್ತಿ ಹೋದರು. ಅವರು ಅಧ್ಯಕ್ಷರು. ಬಸ್ಸು ತುಂಬಿತ್ತು, ಎಲ್ಲರೂ ಕಂಡರು. ಮರುದಿನ ಅಧ್ಯಕ್ಷರ ಡ್ರೈವರು ಠಾಣೆಗೆ ಹೋಗಿ ಜೀಪು ಹೊಡೆದವನು ನಾನು ಎಂದು ಒಪ್ಪಿಕೊಂಡ. ಅಲ್ಲಿಗೆ ಬಸ್ಸಿನ ಜನರೂ ತಾವು ಕಂಡದ್ದನ್ನು ಮರೆತರು. ಸತ್ತವನ ಹೆಂಡತಿ ಮರೆಯಲಿಲ್ಲ. ಆಕೆ ವಕೀಲರನ್ನು ಹಿಡಿದು, ಅಧ್ಯಕ್ಷರ ಮೇಲೆಯೇ ಕೋರ್ಟಿನಲ್ಲಿ ಖಾಸಗಿ ಫಿರ್ಯಾದು ಹಾಕಿದಳು. ಕಂಡದ್ದನ್ನು ಹೇಳುತ್ತೇನೆ ಅಂದವರು ಸರ್ ಒಬ್ಬರೇ.

ಗ್ಯಾದರಿಂಗಿನ ದಿನ ನಾಟಕ ಶುರುವಾದ ಮೇಲೆ ಅಧ್ಯಕ್ಷರು ಬಂದರು. ಮಾಲೆ ಹಾಕಿಸಿಕೊಂಡು ಮುಂದಿನ ಸಾಲಿನಲ್ಲಿ ಕೂತು ಪಕ್ಕದವರೊಂದಿಗೆ ಮಾತಿಗಿಳಿದರು. ನಾಟಕದ ಕಡೆ ಅವರ ಗಮನ ಹಿಂದಿನ ವರ್ಷಗಳಲ್ಲೂ ಇರಲಿಲ್ಲ, ಆ ದಿನವೂ ಇರಲಿಲ್ಲ. ನಾನು ಪರದೆಯ ಮಗ್ಗುಲಿನಿಂದ ಮುಂದೆ ಬಂದು ಅಡವಿಯಲ್ಲಿ ಕೂಗುವ ದನಿಯಲ್ಲಿ ಕೂಗಿದೆ. ಒಂದು ಸಲ. ಎರಡು ಸಲ. ಮೂರನೆಯ ಸಲ ಕೂಗಿದಾಗ ಅಧ್ಯಕ್ಷರ ಪಕ್ಕದಲ್ಲಿದ್ದ ಅವರ ಮನುಷ್ಯ, ಯಾವಾಗಲೂ ಬಿಳಿ ಪೈಜಾಮ ತೊಡುವವನು, ಎದ್ದು ನಿಂತು, "ಹಾಜರದಾರ್ರಿ, ಇಲ್ಲೇ ಅದಾರ" ಅಂದ. ಅಧ್ಯಕ್ಷೀಯ ಭಾಷಣಕ್ಕೆ ಕರೆಯುತ್ತಿದ್ದಾರೆ ಎಂದು ಅವನಿಗೆ ಅನಿಸಿತ್ತು. ಅಷ್ಟು ಮರ್ಯಾದೆಯಿಂದ ಮೂರು ಮೂರು ಸಲ ಇನ್ನಾರನ್ನು ಕರೆದಾರು?

ಅಧ್ಯಕ್ಷರು ಟೊಪ್ಪಿಗೆ ಸರಿಮಾಡಿಕೊಂಡು ಮೆಟ್ಟಿಲು ಹತ್ತಿದರು. ವೇದಿಕೆಯಲ್ಲಿ ಖಾಲಿ ಇದ್ದ ಜಾಗ ಒಂದೇ. ಅವರು ನೇರ ಹೋಗಿ ಕಟಕಟೆಯಲ್ಲಿ ನಿಂತು, ಎರಡೂ ಕೈಯಿಂದ ಬಿದಿರನ್ನು ಹಿಡಿದು, ಮೈಕು ಎಲ್ಲಿದೆ ಎಂದು ಅತ್ತಿತ್ತ ನೋಡಿದರು.

ಸಭೆ ನಕ್ಕಿತು. ಅದೂ ನಾಟಕವೇ ಎಂದು ತಿಳಿದು ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ಸರಕಾರಿ ವಕೀಲನ ಪಾತ್ರದ ಹುಡುಗ ಹೆದರಿದ. ಬೇರೇನೂ ತೋಚದೆ, ಬಾಯಿಪಾಠ ಮಾಡಿದ್ದನ್ನೇ ಹೇಳಿಬಿಟ್ಟ:

"ನಿಮ್ಮ ಕೈಯಾಗ ಸತ್ತವರ ಹೆಸರು ನಿಮಗ ಗೊತ್ತದಾವೇನ್ರಿ?"

ನಗು ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ ಮೆಲ್ಲಗೆ "ಪಾಲಬಾವಿ" ಅಂದರು. ಆ ಮಾತು ಬೆಂಚಿನಿಂದ ಬೆಂಚಿಗೆ ದಾಟಿಕೊಂಡು ಮುಂದೆ ಬಂದದ್ದು ವೇದಿಕೆಯ ಮೇಲಿದ್ದ ನನಗೆ ಕಾಣಿಸಿತು. ಗಾಳಿಗೆ ಜೋಳದ ಹೊಲ ಬಾಗಿದ ಹಾಗೆ ತಲೆಗಳು ಬಾಗುತ್ತ ಬಂದವು. ಅಧ್ಯಕ್ಷರಿಗೂ ಅದು ಮುಟ್ಟಿತು. ಅವರು ಬಿದಿರಿನಿಂದ ಕೈ ತೆಗೆಯಲಿಲ್ಲ. ಮುಗುಳ್ನಕ್ಕು, ಮೈಕು ತರಿಸಿಕೊಂಡು, ಅಲ್ಲೇ ನಿಂತು ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಒಳ್ಳೆಯ ಭಾಷಣ ಮಾಡಿದರು. ಇಳಿದು ಹೋಗುವಾಗ ನನ್ನ ಕಡೆ ನೋಡಿ, ಕೂಗಿದಾಕೆ ಯಾವ ಊರಿನವಳು, ಯಾರ ಮಗಳು ಎಂದು ಕೇಳಿ ತಿಳಿದುಕೊಂಡರು.

ಸರ್ ಇದನ್ನು ಬೇಕೆಂದೇ ಮಾಡಿಸಿದರು ಎಂದು ಊರೆಲ್ಲ ನಂಬಿತು. ಕೆಲವರು ಹೊಗಳಿದರು, ಕೆಲವರು ಬೈದರು. ಹೊಗಳಿದವರೂ ಅವರ ಜೊತೆ ರಸ್ತೆಯಲ್ಲಿ ನಿಂತು ಮಾತಾಡುವುದನ್ನು ಬಿಟ್ಟರು.

ಮರುವಾರದಿಂದ ಬಿಳಿ ಪೈಜಾಮದವನು ಸರ್ ಅವರ ಮನೆಯ ಎದುರು ಕಾಣಿಸಿಕೊಳ್ಳತೊಡಗಿದ. ಸಂಜೆ, ಸರಿಯಾಗಿ ಅವರು ಎಲೆಗೆ ಕೂಡುವ ಹೊತ್ತಿಗೆ ಬರುತ್ತಿದ್ದ. ಬಯ್ಯುತ್ತಿರಲಿಲ್ಲ, ಹೆದರಿಸುತ್ತಿರಲಿಲ್ಲ. ಬಾಗಿಲಲ್ಲಿ ನಿಂತು, ಅರ್ಧ ಮರಾಠಿಯಲ್ಲಿ, "ಜೇವಣ ಆತ್ರಿ ಸರ್?" ಎಂದು ಊಟದ ಬಗ್ಗೆ ಕೇಳಿ ಹೋಗುತ್ತಿದ್ದ. ಸರ್ ಅವರ ಹೆಂಡತಿಯನ್ನು ನಾವು ವೈನಿ ಅನ್ನುತ್ತಿದ್ದೆವು. ಅವನ ಚಪ್ಪಲಿಯ ಸಪ್ಪಳ ಕೇಳಿದರೆ ವೈನಿಯ ಕೈಯಲ್ಲಿದ್ದ ತುತ್ತು ಹಾಗೇ ನಿಲ್ಲುತ್ತಿತ್ತು. ಒಂದು ಸಂಜೆ ಸರ್ ಎದ್ದು ಹೋಗಿ, ಇನ್ನೂ ಆಗಿಲ್ಲ, ನೀವೂ ಬರ್ರಿ ಎಂದು ಕೈಹಿಡಿದು ಒಳಗೆ ಕರೆತಂದು ಕೂಡಿಸಿದರು. ಅವನು ತಲೆ ತಗ್ಗಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ ಉಂಡ. ಕೈ ತೊಳೆಯುವಾಗ ಅಡುಗೆ ಚಲೋ ಐತಿ ಎಂದು ವೈನಿಗೆ ಹೇಳಿದ. ನಂತರ, ಸರ್ ಅವರ ಸೈಕಲ್ಲಿನ ಬ್ರೇಕು ಸಡಿಲಾಗಿದೆ, ಜೋಕೆ ಎಂದು ಹೇಳಿ ಹೋದ. ಸರ್ ಹೊರಗೆ ಹೋಗಿ ನೋಡಿದರು. ಬ್ರೇಕು ಸಡಿಲಾಗಿತ್ತು. ಬೆಳಿಗ್ಗೆ ಸರಿಯಿತ್ತು.

ಅದೇ ದಿನಗಳಲ್ಲಿ ಪ್ರಾಂಶುಪಾಲರು ನನ್ನನ್ನು ಕರೆಸಿದರು. ನನ್ನ ಹಾಜರಿ ಕಡಿಮೆ ಬಿದ್ದಿದೆ, ಪರೀಕ್ಷೆಯ ಹಾಲ್ ಟಿಕೆಟ್ ತಡೆಹಿಡಿದಿದೆ ಅಂದರು. ಜ್ವರವಿದ್ದರೂ ಬಸ್ಸು ಹತ್ತಿ ಬಂದವಳು ನಾನು. ಅವರಿಗೂ ಅದು ಗೊತ್ತಿತ್ತು. ಮೇಜಿನ ಮೇಲಿನ ಗಾಜನ್ನೇ ನೋಡುತ್ತ ಮಾತಾಡಿದರು.

ಮುಂದಿನ ಭಾನುವಾರ ಸರ್ ಕಬ್ಬೂರಿಗೆ ಬಂದರು. ನಮ್ಮ ಗುಡಿಸಲಿನ ಮುಂದೆ ಕಂಬಳಿ ಹಾಸಿ ಕೂಡಿಸಿದೆವು. ಅಪ್ಪ ಅವರ ಎದುರು ಕೂಡಲು ಒಲ್ಲದೆ ನಿಂತೇ ಇದ್ದ. ನೀವು ನಿಂತರೆ ನಾನೂ ನಿಲ್ಲುತ್ತೇನೆ ಎಂದು ಸರ್ ಎದ್ದಾಗ ನಾಚಿ ಕೂತ. ಸರ್ ಸುತ್ತುಬಳಸದೆ ಹೇಳಿದರು. ತಮ್ಮ ಸಾಕ್ಷಿಯ ತಾರೀಖು ಹತ್ತಿರ ಬಂದಿದೆ. ಆ ದಿನ ಕುಂಭೋಜಕ್ಕೋ ಕೊಲ್ಲಾಪುರಕ್ಕೋ ದೇವರ ದರ್ಶನಕ್ಕೆ ಹೋಗಿಬಿಡಿ ಎಂದು ಅಧ್ಯಕ್ಷರ ಕಡೆಯವರು ಹೇಳಿಕಳಿಸಿದ್ದಾರೆ. ಹೋದರೆ ನನ್ನ ಹಾಲ್ ಟಿಕೆಟ್ ಮರುದಿನವೇ ಕೈಗೆ ಬರುತ್ತದೆ. ಹೋಗದಿದ್ದರೆ ಬರುವುದಿಲ್ಲ.

"ನನ್ನ ನೌಕರಿ ಅಷ್ಟಽ ಇದ್ರ ನಾ ಯಾರನ್ನೂ ಕೇಳ್ತಿದ್ದಿಲ್ಲ. ಇದರಾಗ ನಿಮ್ಮ ಮಗಳ ಪರೀಕ್ಷಾ ಐತಿ. ಅದಕ್ಕ ನಿಮ್ಮನ್ನ ಕೇಳಾಕ ಬಂದೀನಿ" ಅಂದರು.

 ಅಪ್ಪ ಒಂದೇ ಮಾತು ಕೇಳಿದ: "ಸತ್ತಾವನ ಹೇಣ್ತಿ ಏನಂತಾಳ್ರಿ?"

ಆಕೆ ಪಾಲಬಾವಿಯಿಂದ ವಾರಕ್ಕೊಮ್ಮೆ ಬರುತ್ತಾಳೆ, ನೀವು ಬರುತ್ತೀರಲ್ಲ ಎಂದು ಕೇಳುತ್ತಾಳೆ, ಬರುತ್ತೇನೆ ಅಂದರೆ ಅಷ್ಟಕ್ಕೇ ಎದ್ದು ಹೋಗುತ್ತಾಳೆ ಎಂದು ಸರ್ ಹೇಳಿದರು. ಅಪ್ಪ ನನ್ನ ಕಡೆ ತಿರುಗಿ, "ಪರೀಕ್ಷಾ ನಿಂದು. ನೀನಽ ಹೇಳಬೇ" ಅಂದ.

ನನಗೆ ಅಳು ಬಂದಿತ್ತು, ಸಿಟ್ಟೂ ಬಂದಿತ್ತು. ಪರೀಕ್ಷೆ ಬರುವ ವರ್ಷವೂ ಇರುತ್ತದೆ, ನೀವು ಕೋರ್ಟಿಗೆ ಹೋಗ್ರಿ ಸರ್ ಅಂದೆ. ಎಷ್ಟು ಬರುವ ವರ್ಷಗಳು ಬೇಕಾದಾವು ಎಂದು ಆಗ ನನಗೆ ಅಂದಾಜಿರಲಿಲ್ಲ. ಸರ್ ಎದ್ದು, ನನ್ನ ಅಪ್ಪನಿಗೆ ಕೈಮುಗಿದು, ನಡೆದು ಬಸ್ ನಿಲ್ದಾಣಕ್ಕೆ ಹೋದರು.

ಸಾಕ್ಷಿಯ ದಿನ ನಾನೂ ಹೋಗಿದ್ದೆ. ಅಧ್ಯಕ್ಷರು ಅದಕ್ಕೆ ಮೊದಲು ಹಲವು ತಾರೀಖು ಬಂದಿರಲಿಲ್ಲ. ಊರಲ್ಲಿಲ್ಲ, ಮೈಯಲ್ಲಿ ಹುಷಾರಿಲ್ಲ ಎಂದು ಪ್ರತಿ ಸಲ ಕಾಗದ ಕೊಡಿಸುತ್ತಿದ್ದರು. ಆ ದಿನ ಬಂದರು. ಯಾರೋ ಅವರಿಗೆ ಕುರ್ಚಿ ತಂದಿಟ್ಟರು. ನ್ಯಾಯಾಧೀಶರು ಹರೆಯದವರು, ಬೇರೆ ಜಿಲ್ಲೆಯವರು. ಆ ಕುರ್ಚಿ ತೆಗೆಯಿರಿ ಎಂದು ದನಿ ಎತ್ತದೆ ಹೇಳಿದರು. ಅಧ್ಯಕ್ಷರು ನಿಂತರು. ಸರ್ ತಾವು ಕಂಡದ್ದನ್ನು ಹೇಳಿದರು. ಹೆಚ್ಚು ಮಾತಿಲ್ಲ: ಜೀಪು ಹೊಡೆಯುತ್ತಿದ್ದವರು ಇವರು, ಇಳಿದವರು ಇವರು, ಬಗ್ಗಿ ನೋಡಿದವರು ಇವರು, ಹತ್ತಿ ಹೋದವರು ಇವರು.

ಅಧ್ಯಕ್ಷರ ವಕೀಲರು ಆ ರಸ್ತೆಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೇಳಿದ್ದೆಲ್ಲ ನಾಟಕದ ಬಗ್ಗೆ. ಕಟಕಟೆ ಕಟ್ಟಿಸಿದವರು ಯಾರು, 'ಅಧ್ಯಕ್ಷರು' ಎಂಬ ಮಾತು ಬರೆದವರು ಯಾರು, ಸತ್ತವರ ಹೆಸರು ಕೇಳುವ ಪ್ರಶ್ನೆ ಯಾರದು. ಎಲ್ಲಕ್ಕೂ ಸರ್ ನಾನೇ ಅಂದರು. ನಾಟಕ ಹಳೆಯದು ಎಂದು ಹೇಳಹೋದಾಗ, ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಎಂದು ವಕೀಲರು ತಡೆದರು. ಕೊನೆಗೆ, ಒಬ್ಬ ಗೌರವಸ್ಥರನ್ನು ಸಾವಿರ ಜನರ ಮುಂದೆ ಮೋಸದಿಂದ ಕಟಕಟೆಗೆ ಹತ್ತಿಸಿದ ಹಗೆಯ ಮನುಷ್ಯನ ಮಾತಿಗೆ ಏನು ಬೆಲೆ ಎಂದು ಕೇಳಿ ಕೂತರು.

ಅಧ್ಯಕ್ಷರು ಬಿಡುಗಡೆಯಾದರು. ಇರುವವರು ಒಬ್ಬರೇ ಸಾಕ್ಷಿ, ಅವರಿಗೂ ಹಗೆ ಇದ್ದಂತಿದೆ ಎಂದು ತೀರ್ಪು. ಆ ಹರೆಯದ ನ್ಯಾಯಾಧೀಶರು ಅಷ್ಟರಲ್ಲಿ ವರ್ಗವಾಗಿದ್ದರು. ತೀರ್ಪು ಬರೆದವರು ಬೇರೆಯವರು.

"ನಾಟಕದಾಗ ಬಂದು ನಿಂತ್ರು. ಅದಕ್ಕ ಖರೇ ಕೋರ್ಟಿನ್ಯಾಗ ಪಾರಾದ್ರು" ಎಂದು ಸರ್ ಹೇಳಿದರು. ನಗುವ ಹಾಗೆ ಮಾಡಿದರು, ನಗು ಬರಲಿಲ್ಲ.

ಜೂನ್‌ನಲ್ಲಿ ಅವರ ಕೆಲಸ ಹೋಯಿತು. ಇಷ್ಟು ವರ್ಷ ಆದರೂ ಅವರನ್ನು ಖಾಯಂ ಮಾಡಿರಲಿಲ್ಲ, ಆದ್ದರಿಂದ ತೆಗೆಯುವುದಕ್ಕೆ ಕಾರಣ ಬೇಕಿರಲಿಲ್ಲ. ಸುತ್ತಲಿನ ಯಾವ ಕಾಲೇಜಿನಲ್ಲೂ ಅವರಿಗೆ ಜಾಗ ಸಿಗಲಿಲ್ಲ. ನಿಪ್ಪಾಣಿಗೆ ಹೋಗಿ, ತಂಬಾಕಿನ ಗೋದಾಮಿನ ಹಿಂದೆ ಒಂದು ಖೋಲಿ ಬಾಡಿಗೆ ಹಿಡಿದು, ಮನೆಪಾಠ ಶುರು ಮಾಡಿದರು. ಕಾಲೇಜಿನಲ್ಲಿ ನನಗೂ ಜಾಗ ಉಳಿಯಲಿಲ್ಲ. ಬಾಹ್ಯ ವಿದ್ಯಾರ್ಥಿಯಾಗಿ ಮೊದಲ ವರ್ಷದಿಂದ ಮತ್ತೆ ಪರೀಕ್ಷೆ ಕಟ್ಟಬೇಕಾಯಿತು. ಅಪ್ಪ ನನ್ನ ಮದುವೆಯ ಮಾತು ಬಂದಾಗಲೆಲ್ಲ, ಆಕೆ ಇನ್ನೂ ಓದುತ್ತಿದ್ದಾಳೆ ಎಂದು ಬಂದವರನ್ನು ತಿರುಗಿಸಿದ. ಪ್ರತಿ ಭಾನುವಾರ ನಿಪ್ಪಾಣಿಗೆ ಹೋಗುತ್ತಿದ್ದೆ. ತಂಬಾಕಿನ ಘಾಟಿಗೆ ಸರ್ ಕೆಮ್ಮುತ್ತ, ನಾನು ಸೀನುತ್ತ, ಸಂವಿಧಾನ ಓದಿದೆವು. ಒಂದು ಸಲ ಸೀನಿನಿಂದ ಓದು ಮುಂದೆ ಸಾಗದೆ ಇಬ್ಬರೂ ಕಣ್ಣೀರು ಬರುವವರೆಗೆ ನಕ್ಕಿದ್ದೆವು. ಹಣದ ಮಾತು ಎತ್ತಿದರೆ ಬಿಳಿ ಹುಬ್ಬು ಏಳುತ್ತಿತ್ತು. ನಾನು ಬಿ.ಎ. ಪಾಸಾದ ದಿನ ವೈನಿ ಹೋಳಿಗೆ ಮಾಡಿದ್ದರು. ಸರ್ ನನ್ನನ್ನು ಎದುರಿನ ಮಣೆಯ ಮೇಲೆ ಕೂಡಿಸಿ, ತಾವೇ ತುಪ್ಪ ಬಡಿಸಿದರು.

ನಂತರ ನಾನು ಬಿ.ಎಡ್. ಮಾಡಿ ರಾಯಬಾಗ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಶಿಕ್ಷಕಿಯಾದೆ. ಮದುವೆಯೂ ಆಯಿತು. ಪಾಲಬಾವಿಯ ಆ ಹೆಣ್ಣುಮಗಳು ಮಾತ್ರ ಮೇಲಿನ ಕೋರ್ಟಿಗೆ ಅಲೆಯುವುದನ್ನು ಬಿಡಲಿಲ್ಲ. ತಲೆ ನೆರೆಯಿತು, ಮಕ್ಕಳು ದುಡಿಯುವಂತಾದರು. ಕೊನೆಗೆ, ಪ್ರಕರಣವನ್ನು ಮೊದಲಿನಿಂದ ವಿಚಾರಣೆ ಮಾಡಬೇಕು ಎಂದು ಆದೇಶವಾಯಿತು. ಸರ್ ಮತ್ತೆ ಸಾಕ್ಷಿ ಹೇಳಬೇಕಿತ್ತು. ಅಷ್ಟು ಹೊತ್ತಿಗೆ ಅವರ ಕೆಮ್ಮು ಎದೆಗೆ ಇಳಿದಿತ್ತು.

ಆಮೇಲೆ ತಾರೀಖುಗಳು ಶುರುವಾದವು. ಅಧ್ಯಕ್ಷರ ಕಡೆಯವರು ಪ್ರತಿ ಸಲ ಇನ್ನೊಂದು ತಾರೀಖು ಕೇಳುತ್ತಿದ್ದರು. ಬಿಳಿ ಪೈಜಾಮದವನು ನಿಪ್ಪಾಣಿಯ ಖೋಲಿಗೂ ಬರತೊಡಗಿದ. ಅವನಿಗೂ ವಯಸ್ಸಾಗಿತ್ತು, ಹಣ್ಣು ತರುತ್ತಿದ್ದ. "ತಬ್ಬೇತಿ ಹೆಂಗೈತ್ರಿ ಸರ್?" ಎಂದು ಆರೋಗ್ಯ ವಿಚಾರಿಸಿ, ಉತ್ತರ ಬರುವವರೆಗೆ ಸರ್ ಅವರ ಮುಖವನ್ನು ಕೂಲಂಕಷವಾಗಿ ನೋಡಿ ಹೋಗುತ್ತಿದ್ದ. ಒಮ್ಮೆ ನಾನು ಅಲ್ಲಿದ್ದಾಗಲೇ ಬಂದ. ಅವನು ಹೋದ ಮೇಲೆ ಸರ್ ಹಣ್ಣಿನ ಚೀಲವನ್ನು ಪಕ್ಕಕ್ಕೆ ಸರಿಸಿ ಹೇಳಿದರು:

"ಮೊದಲ ನನಗ ಹೆದರಸ್ತಿದ್ರು. ಈಗ ನನ್ನ ಸಾವಿನ ದಾರಿ ಕಾಯಾಕತ್ತಾರ. ಅದಕ್ಕ ಖರ್ಚಿಲ್ಲ ನೋಡ್ರಿ."

ಆ ವರ್ಷವೇ ಪೇಪರಿನಲ್ಲಿ ಒಂದು ಸುದ್ದಿ ಬಂತು. ದೂರದ ಒಂದು ದೇಶವನ್ನು ವರ್ಷಾನುಗಟ್ಟಲೆ ಆಳಿದ್ದ ಮುದಿ ಸೇನಾಪತಿ, ಔಷಧೋಪಚಾರಕ್ಕೆಂದು ಬೇರೆ ದೇಶಕ್ಕೆ ಹೋಗಿದ್ದಾಗ, ಮೂರನೆಯ ದೇಶದ ನ್ಯಾಯಾಧೀಶರೊಬ್ಬರ ಕರೆಯ ಮೇಲೆ ಆಸ್ಪತ್ರೆಯಲ್ಲೇ ಬಂಧಿಸಲ್ಪಟ್ಟಿದ್ದ. ಅವನು ಗೆದ್ದವನು, ಸೋತವನಲ್ಲ. ನಾನು ಶಾಲೆಗೆ ರಜೆ ಹಾಕಿ, ಪೇಪರು ಹಿಡಿದು ನಿಪ್ಪಾಣಿಗೆ ಓಡಿದೆ. ಸರ್ ಗೋಡೆಗೆ ಒರಗಿ ಕೂತು ಎರಡು ಸಲ ಓದಿಸಿದರು. ಅವರ ಮುಖ ಅರಳುತ್ತದೆ ಎಂದು ಕಾದೆ. ಅರಳಿತು, ಆದರೆ ಸ್ವಲ್ಪ ಹೊತ್ತು. ಅವನಿಗೆ ವಯಸ್ಸೆಷ್ಟು ಎಂದು ಕೇಳಿದರು. ಎಂಬತ್ತು ದಾಟಿದೆ ಅಂದೆ.

"ಮುದುಕ ಆಗ್ಯಾನ, ಹುಷಾರಿಲ್ಲ ಅಂತ ಮನೀಗೆ ಕಳಸ್ತಾರ, ನೋಡ್ತಿರ್ರಿ" ಅಂದರು. ಕೆಮ್ಮು ಬಂತು. ಅದು ನಿಂತ ಮೇಲೆ, "ಕಳಸ್ಲಿ. ಒಮ್ಮೆ ಕರದಾರಲ್ಲ. ಇನ್ನ ಮ್ಯಾಲ ಯಾವ ದೊಡ್ಡಾವನೂ ದವಾಖಾನಿಗೆ ಹೋಗೂ ಮುಂದ ವಿಚಾರ ಮಾಡಿ ಹೋಗ್ತಾನ" ಅಂದು ಮತ್ತೆ ಗೋಡೆಗೆ ತಲೆ ಆನಿಸಿದರು. ಆ ಹೊತ್ತಿನಲ್ಲಿ ಹೊರಗೆ ಯಾರೋ ಚಪ್ಪಲಿ ಬಿಡುವ ಸಪ್ಪಳವಾಯಿತು. ವೈನಿ ಎದ್ದು ಬಾಗಿಲ ಚಿಲಕ ಹಾಕಿದರು. ಬಂದವರು ಪಕ್ಕದ ಮನೆಯವರು ಎಂದು ದನಿಯಿಂದ ತಿಳಿಯಿತು; ಆದರೂ ವೈನಿ ಚಿಲಕ ತೆಗೆಯಲಿಲ್ಲ.

ಬೇಸಿಗೆ ಕಾಲಿಡುವ ಮೊದಲು ಸರ್ ತೀರಿಕೊಂಡರು. ಅವರ ಸಾಕ್ಷಿಗೆ ಗೊತ್ತಾಗಿದ್ದ ತಾರೀಖು ಇನ್ನೂ ಬಂದಿರಲಿಲ್ಲ. ಅಂತ್ಯಕ್ರಿಯೆಗೆ ಬಂದವರು ಹೆಚ್ಚಿರಲಿಲ್ಲ. ಪಾಲಬಾವಿಯಿಂದ ಒಂದು ಟ್ರ್ಯಾಕ್ಟರಿನಲ್ಲಿ ಜನ ಬಂದಿದ್ದರು. ಆ ಹೆಣ್ಣುಮಗಳು ದೂರ ನಿಂತು ನೋಡಿದಳು, ಅಳಲಿಲ್ಲ. ನನ್ನ ಹತ್ತಿರ ಬಂದು, "ಈಗ ಸಾಕ್ಷಿ ಯಾರ್ ಹೇಳ್ತಾರ್ರಿ, ಅಕ್ಕಾರ?" ಎಂದು ಮಾತ್ರ ಕೇಳಿದಳು.

ಉತ್ತರವನ್ನು ಆಕೆಯ ವಕೀಲರು ಕೊಟ್ಟರು. ಸತ್ತ ಸಾಕ್ಷಿ ಹಿಂದೆ ಹೇಳಿದ್ದನ್ನು ಕೋರ್ಟಿನಲ್ಲಿ ಓದಬಹುದಂತೆ. ಸರ್ ಅವರ ಮಾತು ಸತ್ತಿಲ್ಲ, ಆದರೆ ಅದರ ಮೇಲೆ ಹಗೆಯ ಕಲೆ ಇದೆ. ನಾಟಕವನ್ನು ಅಧ್ಯಕ್ಷರಿಗಾಗಿಯೇ ಹೆಣೆದದ್ದಲ್ಲ, ಆ ಸಾವಿಗಿಂತ ಮೊದಲೇ ಅದೇ ಮಾತು, ಅದೇ ಕಟಕಟೆ ಇತ್ತು ಎಂದು ಪ್ರಮಾಣ ಮಾಡಿ ಹೇಳುವವರು ಒಬ್ಬರು ಬೇಕು. ಆಗ ಆಡಿದವರಲ್ಲಿ ಒಬ್ಬ ಈಗ ಅಧ್ಯಕ್ಷರ ಸಂಸ್ಥೆಯಲ್ಲೇ ಗುಮಾಸ್ತ. ಇನ್ನೊಬ್ಬ ನೆನಪಿಲ್ಲ ಅಂದ. ಆ ಸಾವಿಗೆ ಮೊದಲೇ ಅದನ್ನು ನೋಡಿದ್ದವರಲ್ಲಿ ಉಳಿದವಳು ನಾನು. ಹೋದ ವಾರ ಸಮನ್ಸು ನನ್ನ ಶಾಲೆಗೆ ಬಂತು.

ಅಂದಿನಿಂದ ಎಲ್ಲರೂ ನನ್ನೊಂದಿಗೆ ಬಹಳ ಮರ್ಯಾದೆಯಿಂದ ಮಾತಾಡುತ್ತಿದ್ದಾರೆ. ಗುರುತಿಲ್ಲದವರು ಬಸ್ಸಿನಲ್ಲಿ ನನಗೆ ಜಾಗ ಬಿಟ್ಟುಕೊಡುತ್ತಾರೆ. ನನ್ನ ಗಂಡನ ಅಂಗಡಿಗೆ ಬಂದು, ಶಾಲಿ ಬಾಯಾರು ಆರಾಮ ಅದಾರೇನ್ರಿ ಎಂದು ನನ್ನನ್ನು ವಿಚಾರಿಸಿ, ಏನೂ ಕೊಳ್ಳದೆ ಹೋಗುತ್ತಾರೆ. ಅತ್ತೆ ರಾತ್ರಿ ಬಾಗಿಲನ್ನು ಎರಡೆರಡು ಸಲ ನೋಡುತ್ತಾರೆ, ಆದರೆ ಕೋರ್ಟಿಗೆ ಹೋಗಬೇಡ ಅನ್ನುವುದಿಲ್ಲ. ನನಗೆ ಹೆದರಿಕೆ ಇಲ್ಲ ಎಂದರೆ ಸುಳ್ಳಾಗುತ್ತದೆ.

ಬರುವ ಸೋಮವಾರ ನನ್ನ ಸಾಕ್ಷಿ. ಆ ದಿನದ ರಜೆಗೆ ನಿನ್ನೆ ಅರ್ಜಿ ಕೊಟ್ಟೆ. ಕಾರಣ ಎಂಬಲ್ಲಿ 'ಕೋರ್ಟಿನಲ್ಲಿ ಸಾಕ್ಷಿ' ಎಂದು ಬರೆದಿದ್ದೆ. ಹೆಡ್ ಮಾಸ್ತರರು ಒಳ್ಳೆಯವರು, ನಿವೃತ್ತಿಗೆ ಹತ್ತಿರವಾದವರು. ಅರ್ಜಿಯನ್ನು ನನ್ನ ಕಡೆ ತಿರುಗಿಸಿ, ಮೈಯಲ್ಲಿ ಹುಷಾರಿಲ್ಲ ಎಂದು ಬರೆಯಿರಿ, ಸುಮ್ಮನೆ ಯಾಕೆ ಕಾಗದದ ಮೇಲೆ ಅದೆಲ್ಲ ಅಂದರು. ತಮ್ಮ ಪೆನ್ನನ್ನೂ ಮುಂದೆ ಸರಿಸಿದರು. ನಾನು ಅದನ್ನು ತೆಗೆದುಕೊಂಡು, ಕೆಳಗೆ ನನ್ನ ಹೆಸರಿದ್ದ ಕಡೆ ಬಿ.ಎ., ಬಿ.ಎಡ್. ಎಂದು ಸೇರಿಸಿ, ಅರ್ಜಿಯನ್ನು ಹಾಗೇ ತಿರುಗಿ ಕೊಟ್ಟೆ.